ಅಳಿವೆಯನ್ನು ಅಳೆಯಲು ಬಂದವರೊಡನೆ ನಮ್ಮ ವ್ಯವಹಾರ



ನಿಮ್ಮ ಗಜನಿಯ ಒಡ್ಡಿನ ಮೇಲೆ ಒಂದು ದಿನ ಅಪರಿಚಿತರು ಮೂವರು ಬಂದು ನಿಂತರೆಂದು ಇಟ್ಟುಕೊಳ್ಳಿ. ಒಬ್ಬರು ಹೊಳೆಯ ನೀರನ್ನು ಬಾಟಲಿಗೆ ತುಂಬಿ ಚೀಟಿ ಅಂಟಿಸುತ್ತಾರೆ. ಇನ್ನೊಬ್ಬರು ಕೆಸರಿನ ಮೇಲೆ ಚೌಕಟ್ಟೊಂದನ್ನು ಇಟ್ಟು ಅದರೊಳಗೆ ಬಳಚು ಎಷ್ಟಿವೆಯೆಂದು ಎಣಿಸುತ್ತಾರೆ. ಮೂರನೆಯವರು ನಿಮ್ಮ ಬಳಿ ಬಂದು, "ಇಲ್ಲಿ ಮೊದಲು ಯಾವ ಯಾವ ಮೀನು ಸಿಗುತ್ತಿತ್ತು? ಈಗ ಯಾವುದು ಸಿಗುತ್ತದೆ? ಈ ಭತ್ತಕ್ಕೆ ಏನೆಂದು ಹೆಸರು?" ಎಂದು ಕೇಳಿ, ನೀವು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಾರೆ. ಆಗ ನೀವು ಏನು ಮಾಡುತ್ತೀರಿ?

ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಎರಡು ಬಗೆ ಕಾಣುತ್ತದೆ. ಓದಿದವರು ಬಂದಿದ್ದಾರೆ, ಚಹಾ ಕೊಟ್ಟು ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಕಳಿಸೋಣ ಎನ್ನುವುದು ಒಂದು ಬಗೆ. ಇವರೇನೋ ಜಾಗ ನೋಡಲು ಬಂದವರು, ನಾಳೆ ನಮ್ಮನ್ನು ಎಬ್ಬಿಸುತ್ತಾರೆ, ಒಳಗೆ ಬಿಡಬೇಡಿ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ನಮ್ಮ ತಿಳಿವಳಿಕೆ ಬೆಲೆಯಿಲ್ಲದೆ ಹೋಗುತ್ತದೆ. ಎರಡನೆಯದರಲ್ಲಿ ನಮ್ಮ ಪಾಲಿಗೆ ಸಾಕ್ಷಿಯಾಗಬಲ್ಲ ಅಂಕಿ ಅಂಶ ಹುಟ್ಟುವುದೇ ಇಲ್ಲ. ಇವೆರಡರ ನಡುವೆ ಇರುವ ದಾರಿಯನ್ನು ಈ ಪಾಠದಲ್ಲಿ ವಿಚಾರಿಸೋಣ. ಉದಾಹರಣೆಗೆ ಅಘನಾಶಿನಿಯ ಅಳಿವೆಯನ್ನೇ ತೆಗೆದುಕೊಂಡಿದ್ದೇವೆ. ಘಟ್ಟದ ಮೇಲಿನ ಊರುಗಳ ಓದುಗರಿಗೆ ಗಜನಿ, ಬಳಚು ಎಂಬ ಮಾತುಗಳು ಹೊಸತಾಗಿರಬಹುದು. ಅವರಿಗಾಗಿ ಮೊದಲು ನಾಲ್ಕು ಮಾತು.

ಅಳಿವೆಯೆಂದರೆ ಏನು, ಅಲ್ಲಿ ನೋಡುವಂಥದು ಏನಿದೆ?

ಹೊಳೆ ಸಮುದ್ರ ಸೇರುವ ಕಡೆ ಸಿಹಿನೀರೂ ಉಪ್ಪುನೀರೂ ಬೆರೆಯುವ ಅಗಲವಾದ ಜಾಗವೇ ಅಳಿವೆ. ಉಬ್ಬರ ಬಂದಾಗ ಉಪ್ಪುನೀರು ಮೈಲುಗಟ್ಟಲೆ ಒಳಗೆ ಏರುತ್ತದೆ. ಇಳಿತದಲ್ಲಿ ಕೆಸರಿನ ದಿಬ್ಬಗಳು ಮೇಲೆ ಕಾಣುತ್ತವೆ. ಮಳೆಗಾಲದಲ್ಲಿ ಹೊಳೆ ತುಂಬಿ ನೀರು ಸಿಹಿಯಾಗುತ್ತದೆ, ಬೇಸಗೆಯಲ್ಲಿ ಪುನಃ ಉಪ್ಪಾಗುತ್ತದೆ. ಈ ಏರಿಳಿತಕ್ಕೆ ಹೊಂದಿಕೊಂಡು ಬದುಕುವ ಜೀವಿಗಳು ಬೇರೆ ಕಡೆ ಸಿಗವು. ದಡದಲ್ಲಿ ಕಾಂಡ್ಲಾ ಗಿಡ, ಅದರ ಬೇರಿನ ಸಂದಿಯಲ್ಲಿ ಮೀನಿನ ಮರಿ, ಸೀಗಡಿ, ಏಡಿ. ಕೆಸರಿನಲ್ಲಿ ಬಳಚು, ಎಂದರೆ ಎರಡು ಚಿಪ್ಪಿನ ನಡುವೆ ಮಾಂಸವಿರುವ ಜೀವಿ.

ಅಳಿವೆಯ ಅಂಚಿನ ತಗ್ಗು ಗದ್ದೆಗಳೇ ಗಜನಿ. ಸುತ್ತ ಮಣ್ಣಿನ ಒಡ್ಡು, ನೀರು ಬಿಡಲು ಮತ್ತು ತಡೆಯಲು ಹಲಗೆಯ ಬಾಗಿಲು. ಮಳೆನೀರು ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಾರೆ. ಕಗ್ಗಕ್ಕೆ ಸ್ವಲ್ಪ ಉಪ್ಪೂ ತಡೆಯುತ್ತದೆ, ಕೆಲವು ದಿನ ನೀರಿನಲ್ಲಿ ಮುಳುಗಿದರೂ ಕೊಳೆಯುವುದಿಲ್ಲ. ಗೊಬ್ಬರ ಹಾಕಬೇಕಾಗಿಲ್ಲ, ಉಬ್ಬರ ತಂದ ಕೆಸರೇ ಅದರ ಗೊಬ್ಬರ. ಕೊಯ್ಲಾದ ಮೇಲೆ ಬಾಗಿಲು ತೆರೆದು ಉಪ್ಪುನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಮೀನು, ಸೀಗಡಿ. ಒಂದೇ ಭೂಮಿ, ಎರಡು ಬೆಳೆ.

ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ದಕ್ಷಿಣಕ್ಕೆ ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿಯ ಕತೆ ಬೇರೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ, ವಿದ್ಯುತ್ತು ತೆಗೆದು ಬಿಟ್ಟ ನೀರು ಬೇಸಗೆಯಲ್ಲಿಯೂ ಹರಿದು ಬರತೊಡಗಿತು. ಅಳಿವೆಯ ನೀರಿನಲ್ಲಿ ಉಪ್ಪಿನ ಅಂಶ ಕಡಿಮೆಯಾಯಿತು. ಉಪ್ಪು ಬೇಡುವ ಬಳಚಿನ ಜಾತಿಗಳು ಅಲ್ಲಿ ಕ್ಷೀಣಿಸಿದವು. ನೆರೆಹೊರೆಯ ಈ ಎರಡು ಹೊಳೆಗಳನ್ನು ಹೋಲಿಸಿ ನೋಡಿದ ವಿಜ್ಞಾನಿಗಳು ಬಳಚಿಗೂ ಮೀನಿಗೂ ಉಪ್ಪಿನ ಏರಿಳಿತ ಎಷ್ಟು ಮುಖ್ಯವೆಂಬುದನ್ನು ಬರೆದಿದ್ದಾರೆ. ಆದರೆ ಒಂದು ಪ್ರಶ್ನೆ. ಅಣೆಕಟ್ಟು ಕಟ್ಟುವ ಮೊದಲು ಶರಾವತಿಯ ಅಳಿವೆಯಲ್ಲಿ ಯಾವ ಬಳಚು ಎಲ್ಲಿ ಎಷ್ಟು ಸಿಗುತ್ತಿತ್ತೆಂದು ಯಾವ ಕಚೇರಿಯವರು ಬರೆದಿಟ್ಟಿದ್ದರು? ಅಂಥ ವಿಷಯಕ್ಕೆ ದಂಡೆಯ ಮುದುಕ ಮುದುಕಿಯರ ನೆನಪನ್ನೇ ಕೇಳಬೇಕು. ಆ ನೆನಪು ಸಂಶೋಧನೆಯ ಅರ್ಧ ಬಂಡವಾಳ ಎಂಬುದನ್ನು ನೀವು ಮೊದಲು ನಂಬಬೇಕು.

ಅಘನಾಶಿನಿಯ ಅಳಿವೆಯ 4801 ಹೆಕ್ಟೇರು ಪ್ರದೇಶವು 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು. ಇರಾನ್ ದೇಶದ ರಾಮ್‌ಸಾರ್ ಎಂಬ ಊರಿನಲ್ಲಿ 1971ರಲ್ಲಿ ಆದ ಒಪ್ಪಂದದ ಮೇರೆಗೆ ಜಗತ್ತಿನ ಮುಖ್ಯವಾದ ಜೌಗುಪ್ರದೇಶಗಳನ್ನು ಸೇರಿಸುವ ಪಟ್ಟಿ ಅದು. ಹೆಸರು ಬಂದಲ್ಲಿಗೆ ಅಳೆಯುವವರೂ ಬರುತ್ತಾರೆ. ಇನ್ನು ಮುಂದೆ ಬಾಟಲಿ ಹಿಡಿದವರು ನಿಮ್ಮ ದಂಡೆಗೆ ಹೆಚ್ಚಾಗಿ ಬರುವರೇ ಹೊರತು ಕಡಿಮೆಯಾಗಲಾರರು.

ಒಂದು ಲೆಕ್ಕದ ಕತೆ

ಸಂಶೋಧನೆಯಿಂದ ನಮಗೇನು ಲಾಭ ಎಂದು ಕೇಳುವವರಿಗೆ ಈ ಲೆಕ್ಕವನ್ನು ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಅಘನಾಶಿನಿಯ ಬಳಚಿನ ಬೆಲೆಯನ್ನು ಕಟ್ಟಿ 2008ರಲ್ಲಿ ಪ್ರಕಟಿಸಿದರು. ವರ್ಷಕ್ಕೆ ಸುಮಾರು 22,006 ಟನ್ ಬಳಚು ತೆಗೆಯುತ್ತಾರೆ, ಅದರ ಬೆಲೆ ಸುಮಾರು 5 ಕೋಟಿ 78 ಲಕ್ಷ ರೂಪಾಯಿ, ಆ ಕೆಲಸದಲ್ಲಿ ತೊಡಗಿದವರು ಸುಮಾರು 2,347 ಮಂದಿ ಎಂದು ಅವರು ಲೆಕ್ಕ ಹಾಕಿದರು. ಅಲ್ಲಿಯವರೆಗೆ ಸರ್ಕಾರದ ಮೀನಿನ ಲೆಕ್ಕದಲ್ಲಿ ದೋಣಿಗೆ, ಬಲೆಗೆ, ಬಂದರಿಗೆ ಜಾಗವಿತ್ತು. ಸೊಂಟದವರೆಗೆ ನೀರಿನಲ್ಲಿ ನಿಂತು ಕೈಯಿಂದ, ಕಾಲಿನಿಂದ ಬಳಚು ಹುಡುಕಿ ಬುಟ್ಟಿಗೆ ತುಂಬುವ ಹೆಂಗಸಿನ ದುಡಿಮೆಗೆ ಅಷ್ಟು ಜಾಗವಿರಲಿಲ್ಲ.

ಇದರ ಉಪಯೋಗ ಏನಾಯಿತು ನೋಡಿ. ಈ ಶತಮಾನದ ಮೊದಲ ದಶಕದಲ್ಲಿ ತದಡಿಯಲ್ಲಿ 4000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಿತ್ತು. "ಅಲ್ಲಿ ಏನಿದೆ? ಕೆಸರು ಮತ್ತು ನೀರು" ಎನ್ನುವವರ ಮುಂದೆ ಊರವರು ವಿರೋಧಿಸಿದರು, ವಿಜ್ಞಾನಿಗಳು ಅಳಿವೆಯ ಬೆಲೆಯನ್ನು ಅಂಕಿಗಳಲ್ಲಿ ಇಟ್ಟರು. ಆ ಸ್ಥಾವರ ಅಲ್ಲಿ ಏಳಲಿಲ್ಲ. ಅಂಕಿಗಳಿಂದಲೇ ನಿಂತಿತೆಂದು ಹೇಳುವುದು ಅತಿಶಯೋಕ್ತಿಯಾದೀತು, ಊರವರ ಒಗ್ಗಟ್ಟು ದೊಡ್ಡದು. ಆದರೆ ಕೂಗಿನ ಜೊತೆಗೆ ಲೆಕ್ಕವೂ ಇದ್ದರೆ ಕಚೇರಿಯಲ್ಲಿ ಕೂತವರು ತಲೆಯೆತ್ತಿ ನೋಡಬೇಕಾಗುತ್ತದೆ.

ಈಗ ಅದೇ ಲೆಕ್ಕವನ್ನು ಇನ್ನೊಂದು ರೀತಿಯಲ್ಲಿ ನೋಡೋಣ. ಅಳತೆಗೆ ಬಂದವರು ಊರಿಗೆ ಬಂದು ಪಂಚಾಯತಿ ಕಟ್ಟೆಯ ಮೇಲೆ ಸಿಕ್ಕಿದವರನ್ನು ಮಾತ್ರ ಕೇಳಿ ಹೋಗುತ್ತಾರೆಂದು ಭಾವಿಸಿ. ಕಟ್ಟೆಯ ಮೇಲೆ ಸಿಗುವವರು ಯಾರು? ಗಜನಿಯ ಸೀಗಡಿಯನ್ನು ಗುತ್ತಿಗೆ ಹಿಡಿದವರು, ಜಮೀನು ಇರುವವರು, ಕೆಲಸವಿಲ್ಲದ ಗಂಡಸರು. ಅವರನ್ನು ಕೇಳಿದರೆ ಅಳಿವೆಯೆಂದರೆ ಸೀಗಡಿ ಎಂದಾಗುತ್ತದೆ. ಬಳಚು ತೆಗೆಯುವ ಅಂಬಿಗರ, ಹಾಲಕ್ಕಿಗಳ ಮನೆಯ ಹೆಂಗಸರು ಆ ಹೊತ್ತಿಗೆ ಇಳಿತದ ನೀರಿನಲ್ಲಿ ಇರುತ್ತಾರೆ. ಹರಿಕಂತ್ರರ ದೋಣಿ ಹೊಳೆಯಲ್ಲಿರುತ್ತದೆ. ಪಾಲಿಗೆ ಗದ್ದೆ ಮಾಡುವವನು ಒಡ್ಡಿನ ಮೇಲೆ ಇರುತ್ತಾನೆ. ಒಡ್ಡಿನ ಯಾವ ಬಾಗಿಲು ಸೋರುತ್ತದೆ, ಯಾವ ಮೂಲೆಯಲ್ಲಿ ಉಪ್ಪು ನಿಲ್ಲುತ್ತದೆ ಎಂಬುದು ಜಮೀನಿನ ಒಡೆಯನಿಗಿಂತ ಅವನಿಗೆ ಹೆಚ್ಚು ಗೊತ್ತು.

ಆದ್ದರಿಂದ ನ್ಯಾಯದ ಮಾತು ಹೊರಗಿನವರಿಗೂ ನಮಗೂ ನಡುವೆ ಇರುವುದು ಮಾತ್ರವಲ್ಲ, ನಮ್ಮ ನಮ್ಮೊಳಗೂ ಇದೆ. ಇದನ್ನು ಹೇಳಿದರೆ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆದರೂ ಹೇಳಬೇಕು. ಸಂಶೋಧಕರೊಡನೆ ಮಾತಾಡಲು ಊರಿನಿಂದ ನಾಲ್ವರು ಹೋಗುವುದಾದರೆ ಅವರಲ್ಲಿ ಬಳಚು ತೆಗೆಯುವ ಹೆಂಗಸೊಬ್ಬಳು ಇರಲೇಬೇಕು, ಜಮೀನಿಲ್ಲದ ಒಬ್ಬನು ಇರಲೇಬೇಕು. ಸಭೆಯ ಹೊತ್ತನ್ನು ಪಂಚಾಂಗ ನೋಡಿ ಇಡಿ. ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಇಳಿತದ ಹೊತ್ತಿನಲ್ಲಿ ಸಭೆ ಕರೆದರೆ ನೀರಿಗೆ ಇಳಿಯುವವರು ಯಾರೂ ಬರಲಾರರು. ಬಾರದವರು ಒಪ್ಪಿದರೆಂದು ಬರೆಯುವುದು ಸರಿಯಲ್ಲ.

ಕೊಲ್ಲಮಿನ ಬಳಚು

ಜೊತೆಗೂಡಿ ಕೆಲಸ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಕೇರಳದ ಕೊಲ್ಲಂ ಜಿಲ್ಲೆಯ ಅಷ್ಟಮುಡಿ ಹಿನ್ನೀರು ಒಳ್ಳೆಯ ನಿದರ್ಶನ. ನಮ್ಮ ಅಳಿವೆಯಲ್ಲಿ ಹೇರಳವಾಗಿ ಸಿಗುವ ಬಳಚಿನ ಜಾತಿಯೇ ಅಲ್ಲಿಯೂ ಇದೆ. ವಿಜ್ಞಾನದಲ್ಲಿ ಅದಕ್ಕೆ ಪಾಫಿಯಾ ಮಲಬಾರಿಕಾ ಎನ್ನುತ್ತಾರೆ. ಕಳೆದ ಶತಮಾನದ ಎಂಬತ್ತರ ಮತ್ತು ತೊಂಬತ್ತರ ದಶಕಗಳಲ್ಲಿ ಅಷ್ಟಮುಡಿಯ ಬಳಚಿನ ಮಾಂಸಕ್ಕೆ ಹೊರದೇಶದ ಬೇಡಿಕೆ ಬಂದಿತು. ಬೆಲೆ ಬಂದೊಡನೆ ಎಲ್ಲರೂ ನೀರಿಗಿಳಿದರು, ಸಣ್ಣ ಮರಿಯನ್ನೂ ಬಿಡಲಿಲ್ಲ. 1990ರ ದಶಕದ ಆರಂಭದಲ್ಲಿ ಹಿಡಿತ ಥಟ್ಟನೆ ಇಳಿಯಿತು.

ಆಗ ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಳಚು ಯಾವಾಗ ಮೊಟ್ಟೆಯಿಡುತ್ತದೆ, ಎಷ್ಟು ದೊಡ್ಡದಾದ ಮೇಲೆ ತೆಗೆಯಬಹುದು ಎಂಬುದನ್ನು ಅಭ್ಯಾಸ ಮಾಡಿ ತೆಗೆಯುವವರ ಮುಂದಿಟ್ಟರು. ಅದರಿಂದ ಹೊರಟ ಕಟ್ಟಳೆಗಳು ಸುಲಭವಾದವು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಬಳಚು ತೆಗೆಯಕೂಡದು. ಬಲೆಯ ಕಣ್ಣು 30 ಮಿಲಿಮೀಟರಿಗೆ ಕಡಿಮೆ ಇರಕೂಡದು. ಹೊರದೇಶಕ್ಕೆ ಕಳಿಸುವ ಮಾಂಸ ಕಿಲೋಗೆ 1400ಕ್ಕಿಂತ ಹೆಚ್ಚು ತುಂಡು ಆಗುವಷ್ಟು ಸಣ್ಣದಿರಕೂಡದು. ಮೂರು ತಿಂಗಳು ಒಲೆ ಹೇಗೆ ಉರಿಯಬೇಕು ಎಂಬ ಚಿಂತೆ ಯಾರಿಗೆ? ನೀರಿಗೆ ಇಳಿಯುವವರಿಗೆ. ಅವರು ಒಪ್ಪಿ ನಡೆಸಿದ್ದರಿಂದಲೇ ಕಟ್ಟಳೆ ಕಾಗದದ ಮೇಲೆ ಉಳಿಯದೆ ಹೊಳೆಗೆ ಇಳಿಯಿತು. ಮುಂದೆ ಬಳಚು ತೆಗೆಯುವವರು, ವಿಜ್ಞಾನಿಗಳು, ಇಲಾಖೆಯವರು, ವ್ಯಾಪಾರಿಗಳು ಕೂಡಿ ಒಂದು ಆಡಳಿತ ಮಂಡಳಿಯನ್ನೇ ಮಾಡಿಕೊಂಡರು. 2014ರ ನವೆಂಬರಿನಲ್ಲಿ ಅಷ್ಟಮುಡಿಯ ಬಳಚಿಗೆ ಜಾಗತಿಕ ಸಾಗರ ಉಸ್ತುವಾರಿ ಮಂಡಳಿಯ ಪ್ರಮಾಣಪತ್ರ ದೊರೆಯಿತು. ಭಾರತದ ಮೀನುಗಾರಿಕೆಗೆ ಅದೇ ಮೊದಲನೆಯದು.

ಡಿಸೆಂಬರಿನ ಕಟ್ಟಳೆಯನ್ನು ನಾವು ಹಾಗೆಯೇ ಎತ್ತಿ ತಂದು ಕುಮಟೆಯಲ್ಲಿ ಹಾಕಬೇಕೆಂದು ಇದರ ಅರ್ಥವಲ್ಲ. ನಮ್ಮ ಹೊಳೆಯ ಮಳೆ ಬೇರೆ, ಉಪ್ಪು ಬೇರೆ. ನಮ್ಮಲ್ಲಿ ಬಳಚು ಮರಿ ಕಾಣಿಸುವ ತಿಂಗಳು ಯಾವುದೆಂದು ನಿಮ್ಮ ಮನೆಯ ಹೆಂಗಸರನ್ನೇ ಕೇಳಿ. ಅದನ್ನು ಬರೆದಿಡಿ. ವಿಜ್ಞಾನಿ ಬಂದಾಗ ಆ ಬರಹವನ್ನು ಮುಂದಿಡಿ. ಅಲ್ಲಿಂದ ಮಾತು ಶುರುವಾದರೆ ನೀವು ಕೇವಲ ಪ್ರಶ್ನೆಗೆ ಉತ್ತರ ಕೊಡುವವರಾಗಿ ಉಳಿಯುವುದಿಲ್ಲ.

ಬೀಜದ ವಿಷಯದಲ್ಲಿ ಎಚ್ಚರ

ನೀರಿನ ಬಾಟಲಿ ತುಂಬಿಕೊಂಡು ಹೋದರೆ ಹೊಳೆ ಬರಿದಾಗದು. ಬೀಜದ ಮಾತು ಹಾಗಲ್ಲ. ಕೇರಳದ ಕರಾವಳಿಯಲ್ಲಿ ಪೊಕ್ಕಾಳಿ ಎಂಬ ಉಪ್ಪುಗದ್ದೆಯ ಭತ್ತವಿದೆ, ನಮ್ಮ ಕಗ್ಗದ ದಾಯಾದಿ ಎನ್ನಿ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಪೊಕ್ಕಾಳಿಯನ್ನು ಬೇರೊಂದು ತಳಿಯೊಡನೆ ಕೂಡಿಸಿ, ಉಪ್ಪು ತಡೆಯುವ ಗುಣ ಅದರಲ್ಲಿ ಎಲ್ಲಿ ಅಡಗಿದೆಯೆಂದು ಗುರುತಿಸಿದರು. ಸಾಲ್ಟಾಲ್ ಎಂದು ಅದಕ್ಕೆ ಹೆಸರು. ಇಂದು ಹಲವು ದೇಶಗಳಲ್ಲಿ ಉಪ್ಪುನೆಲದ ಭತ್ತ ಬೆಳೆಸುವವರು ಆ ಗುಣವನ್ನು ತಮ್ಮ ತಳಿಗಳಿಗೆ ಸೇರಿಸುತ್ತಿದ್ದಾರೆ. ಸಮುದ್ರದ ನೀರು ಏರುತ್ತಿರುವ ಈ ಕಾಲದಲ್ಲಿ ಇದು ಕೋಟ್ಯಂತರ ಜನರಿಗೆ ಅನ್ನದ ಪ್ರಶ್ನೆ. ಅದು ಸಂತೋಷವೇ. ಆದರೆ ನೂರಾರು ವರ್ಷ ಉಪ್ಪಿನಲ್ಲಿ ಬದುಕಬಲ್ಲ ಭತ್ತವನ್ನು ಆರಿಸಿ ಆರಿಸಿ ಬೀಜಕ್ಕೆ ಇಟ್ಟವರು ರೈತರು ಎಂಬುದನ್ನು ಯಾವ ಪ್ರಯೋಗಶಾಲೆಯೂ ಮರೆಯಕೂಡದು. ಮಾಣಿಕಟ್ಟಾ ಮೊದಲಾದ ಊರುಗಳಲ್ಲಿ ಕಗ್ಗವನ್ನು ಬಿಡದೆ ಬೆಳೆಯುತ್ತಿರುವವರೂ ಅಂಥವರೇ.

ಕಾನೂನು ಏನು ಹೇಳುತ್ತದೆ? ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ 2001ರಲ್ಲಿ ಆಯಿತು. ಅದರ 39ನೆಯ ಕಲಮಿನ ಮೇರೆಗೆ ರೈತನು ತನ್ನ ಬೆಳೆಯ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ಬದಲಾಯಿಸಬಹುದು, ಮಾರಬಹುದು. ರಕ್ಷಿತ ತಳಿಯ ಬೀಜವನ್ನು ಕಂಪನಿಯ ಹೆಸರಿನ ಚೀಟಿ ಹಚ್ಚಿ ಮಾರುವಂತಿಲ್ಲ, ಅಷ್ಟೇ. ನಾಟಿ ತಳಿಗಳನ್ನು ಕಾಪಾಡಿದ ರೈತನಿಗೆ ಮನ್ನಣೆಗೂ ಬಹುಮಾನಕ್ಕೂ ಹಕ್ಕಿದೆ. ರೈತರ ತಳಿಯನ್ನು ಅವರ ಹೆಸರಿನಲ್ಲಿಯೇ ನೋಂದಾಯಿಸಬಹುದು. ಒಂದು ತಳಿಯ ಹುಟ್ಟಿಗೆ ತಮ್ಮ ಊರಿನ ಜನರ ಪಾಲು ಇದೆಯೆಂದು ಹಳ್ಳಿಯ ಸಮುದಾಯವು ಹಕ್ಕು ಕೇಳುವುದಕ್ಕೂ ಅವಕಾಶವಿದೆ.

ಇನ್ನೊಂದು, 2002ರ ಜೀವವೈವಿಧ್ಯ ಕಾಯಿದೆ. 2023ರಲ್ಲಿ ಅದಕ್ಕೆ ತಿದ್ದುಪಡಿ ಆಯಿತು. ಅದರ ಮೇರೆಗೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ಊರಿನ ಗಿಡ, ಮೀನು, ಬೆಳೆ, ಔಷಧ, ಅವುಗಳ ತಿಳಿವಳಿಕೆ ಎಲ್ಲವನ್ನೂ ಜನರನ್ನು ಕೇಳಿಯೇ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕ ಇರತಕ್ಕದ್ದು. ಈ ಪುಸ್ತಕದ ಕಲ್ಪನೆಯನ್ನು ಬೆಳೆಸಿದವರಲ್ಲಿ ಮಾಧವ ಗಾಡ್ಗೀಳರು ಮುಖ್ಯರು. ಹೊರದೇಶದವರು ನಮ್ಮ ಜೀವಸಂಪತ್ತನ್ನೋ ಅದರ ತಿಳಿವಳಿಕೆಯನ್ನೋ ಸಂಶೋಧನೆಗೆ ಪಡೆಯಬೇಕಾದರೆ ಚೆನ್ನೈಯ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಮೊದಲೇ ಬೇಕು. ಸರ್ಕಾರ ಒಪ್ಪಿದ ಸಹಯೋಗದ ಯೋಜನೆಗಳಿಗೆ ಬೇರೆ ನಿಯಮವಿದೆ. ಜೀವಸಂಪತ್ತು ಮತ್ತು ತಿಳಿವಳಿಕೆಯ ಬಳಕೆಯ ವಿಷಯದಲ್ಲಿ ತೀರ್ಮಾನ ಮಾಡುವಾಗ ಪ್ರಾಧಿಕಾರವೂ ರಾಜ್ಯ ಮಂಡಳಿಯೂ ಊರಿನ ಸಮಿತಿಯೊಡನೆ ಸಮಾಲೋಚಿಸಬೇಕೆಂದು 41ನೆಯ ಕಲಮು ಹೇಳುತ್ತದೆ. ನಿಮ್ಮ ಪಂಚಾಯತಿಯಲ್ಲಿ ಆ ಸಮಿತಿಯಲ್ಲಿ ಯಾರಿದ್ದಾರೆಂದು ನಿಮಗೆ ಗೊತ್ತೇ? ಪುಸ್ತಕ ಎಲ್ಲಿದೆ? ಅದರಲ್ಲಿ ಬಳಚಿನ ಹೆಸರು ಇದೆಯೇ? ಕೇಳಿ ನೋಡಿ. ಎಷ್ಟೋ ಕಡೆ ಸಮಿತಿಯ ಸದಸ್ಯರಿಗೇ ತಾವು ಸದಸ್ಯರೆಂದು ಗೊತ್ತಿಲ್ಲದಿದ್ದರೆ ಆಶ್ಚರ್ಯವಿಲ್ಲ.

ನಮ್ಮ ದೇಶದ ವಿದ್ಯಾರ್ಥಿಯೊಬ್ಬನು ಬರಿಯ ಓದಿಗಾಗಿ ಬಂದರೆ ಕಾಯಿದೆ ಅಷ್ಟೊಂದು ಕಟ್ಟುಪಾಡು ಹೇಳುವುದಿಲ್ಲ. ಅಂಥಲ್ಲಿ ಊರಿನವರೇ ವಿನಯದಿಂದ, ಆದರೆ ಸ್ಪಷ್ಟವಾಗಿ ಕೇಳಬೇಕು.

ತಿಳಿವಳಿಕೆಗೆ ಪಾಲು ಸಿಕ್ಕ ಉದಾಹರಣೆ ಇಲ್ಲವೇ ಎಂದರೆ, ಇದೆ. ಕರಾವಳಿಯದಲ್ಲ, ಕೇರಳದ ಅಗಸ್ತ್ಯ ಬೆಟ್ಟದ ಕಾಡಿನದು. 1987ರಲ್ಲಿ ವಿಜ್ಞಾನಿಗಳಿಗೆ ದಾರಿ ತೋರಿಸುತ್ತಿದ್ದ ಕಾಣಿ ಜನರು ದಣಿವಾದಾಗ ಒಂದು ಗಿಡದ ಕಾಯಿ ತಿನ್ನುತ್ತಿದ್ದರು. ಆರೋಗ್ಯಪಚ್ಚ ಎಂಬ ಆ ಗಿಡದಿಂದ ತಿರುವನಂತಪುರದ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆಯವರು ಔಷಧ ಮಾಡಿ, 1995ರಲ್ಲಿ ತಯಾರಿಕೆಯ ಹಕ್ಕನ್ನು 10 ಲಕ್ಷ ರೂಪಾಯಿಗೆ ಕೊಟ್ಟರು. ಅದರಲ್ಲಿಯೂ ಮಾರಾಟದ ರಾಜಧನದಲ್ಲಿಯೂ ಅರ್ಧ ಪಾಲು ಕಾಣಿಗಳಿಗೆ ಎಂದು ಗೊತ್ತುಮಾಡಿದರು. ಕಾಣಿಗಳ ಹೆಸರಿನ ಟ್ರಸ್ಟ್ 1997ರಲ್ಲಿ ಹುಟ್ಟಿತು. ಜಗತ್ತೆಲ್ಲ ಇದನ್ನು ಹೊಗಳಿತು. ಆದರೆ ವರ್ಷಗಳನ್ನು ಒಮ್ಮೆ ಎಣಿಸಿ. ಮಾತು ಕೊಟ್ಟದ್ದು 1987, ಟ್ರಸ್ಟ್ ಆದದ್ದು 1997. ಗುಟ್ಟು ಹೊರಬಿದ್ದು ಹತ್ತು ವರ್ಷದ ಮೇಲೆ. ಎಲ್ಲ ಕಾಣಿ ಹಾಡಿಗಳನ್ನೂ ಮೊದಲು ಕೇಳಲಿಲ್ಲವೆಂಬ ಅಸಮಾಧಾನವೂ ಇತ್ತು. ಆದುದರಿಂದ ಪಾಲಿನ ಮಾತು ಮೊದಲ ದಿನವೇ ಆಗಬೇಕು.

ಏನೇನು ಕೇಳಬೇಕು?

ಏತಕ್ಕಾಗಿ ಬಂದಿರಿ, ಹಣ ಯಾರದು, ಎಷ್ಟು ದಿನದ ಕೆಲಸ ಎಂಬ ಪ್ರಶ್ನೆಗಳನ್ನು ಯಾರಾದರೂ ಕೇಳುತ್ತಾರೆ. ಅವುಗಳಲ್ಲಿ ಹಣದ ಪ್ರಶ್ನೆಯನ್ನು ಸಂಕೋಚದಿಂದ ಬಿಡಬೇಡಿ. ಬಂದರು ಕಟ್ಟುವ ಕಂಪನಿ ಕೊಟ್ಟ ಹಣದಿಂದ ಆಗುವ ಅಳತೆಗೂ ವಿಶ್ವವಿದ್ಯಾಲಯದ ಅಳತೆಗೂ ಉದ್ದೇಶ ಬೇರೆ ಇರಬಹುದು. ಕಂಪನಿಯ ಹಣವೆಂದ ಮಾತ್ರಕ್ಕೆ ಲೆಕ್ಕ ಸುಳ್ಳೆನ್ನಬೇಕಾಗಿಲ್ಲ. ಗೊತ್ತಿದ್ದರೆ ಸಾಕು.

ಹೆಚ್ಚಾಗಿ ಮರೆತು ಹೋಗುವುದು ಕೂಲಿಯ ಮಾತು. ದೋಣಿ ನಡೆಸಿದವನಿಗೆ ಬಾಡಿಗೆ ಸಿಗುತ್ತದೆ, ಸಾಮಾನು ಹೊತ್ತವನಿಗೆ ಸಿಗುತ್ತದೆ. ಎರಡು ತಾಸು ಕೂತು ಪ್ರಶ್ನೆಗೆ ಉತ್ತರ ಹೇಳಿದವಳಿಗೆ? ಬಳಚು ತೆಗೆಯುವವಳಿಗೆ ದಿನಕ್ಕೆ ಸಿಗುವುದು ಒಂದು ಒಳ್ಳೆಯ ಇಳಿತ. ಆ ಇಳಿತ ಮಾತಿನಲ್ಲಿ ಕಳೆದರೆ ಆ ದಿನದ ಸಂಪಾದನೆ ಹೋಯಿತು. ಆದುದರಿಂದ ಒಂದೋ ಮಾತನ್ನು ಉಬ್ಬರದ ಹೊತ್ತಿಗೆ ಇಟ್ಟುಕೊಳ್ಳಬೇಕು, ಇಲ್ಲವೇ ಹೋದ ಇಳಿತದ ಕೂಲಿ ಕೊಡಬೇಕು. ಸಂಶೋಧನೆಯ ಅಂದಾಜುಪಟ್ಟಿಯಲ್ಲಿ ಪೆಟ್ರೋಲಿಗೆ, ಬಾಟಲಿಗೆ, ವಸತಿಗೆ ಹಣವಿರುತ್ತದೆ. ಇದಕ್ಕೂ ಇಡಲು ಹೇಳಿ. ಮೊದಲೇ ಹೇಳಿದರೆ ಇಡುತ್ತಾರೆ, ಕೊನೆಗೆ ಹೇಳಿದರೆ ಪಟ್ಟಿ ಮುಗಿದಿರುತ್ತದೆ.

ಹೆಸರಿನ ವಿಷಯ ಎರಡು ಬಗೆಯದು. ಕೆಲವರಿಗೆ ತಮ್ಮ ತಿಳಿವಳಿಕೆಗೆ ತಮ್ಮ ಹೆಸರು ಬರಬೇಕು, ಅದು ನ್ಯಾಯ. ಕೆಲವರಿಗೆ ಹೆಸರು ಬರಬಾರದು. ಗುತ್ತಿಗೆದಾರನ ವಿರುದ್ಧ ಏನೋ ಹೇಳಿದವನ ಹೆಸರು ಅಚ್ಚಾದರೆ ಊರಿನಲ್ಲಿ ಅವನಿಗೆ ಕಷ್ಟ. ಪ್ರತಿಯೊಬ್ಬರನ್ನೂ ಬೇರೆ ಬೇರೆ ಕೇಳಿ ಬರೆಯಬೇಕು. ಫೋಟೋಕ್ಕೂ ಇದೇ ಮಾತು. ಮಧ್ಯದಲ್ಲಿ ಮನಸ್ಸು ಬದಲಾದರೆ ಹಿಂದೆಗೆಯುವ ಸ್ವಾತಂತ್ರ್ಯವೂ ಇರಬೇಕು.

ನಕ್ಷೆಯ ವಿಷಯದಲ್ಲಿ ತುಸು ಹೆಚ್ಚು ಎಚ್ಚರ ಬೇಕು. ಈಗ ಫೋನಿನಲ್ಲಿಯೇ ಜಾಗದ ಗುರುತು ಅಡಿ ಲೆಕ್ಕದಲ್ಲಿ ಸಿಗುತ್ತದೆ. ಒಳ್ಳೆಯ ಬಳಚಿನ ದಿಬ್ಬ ಎಲ್ಲಿದೆ, ಏಡಿಯ ಬಿಲ ಎಲ್ಲಿ ಹೆಚ್ಚು, ಹಕ್ಕಿ ಮೊಟ್ಟೆಯಿಡುವ ಕಾಂಡ್ಲಾ ಯಾವುದು ಎಂಬ ಗುರುತನ್ನು ಹಾಗೆಯೇ ಅಚ್ಚು ಮಾಡಿದರೆ, ಅದನ್ನು ಮೊದಲು ಓದುವವನು ವಿಜ್ಞಾನಿಯೇ ಆಗಿರಬೇಕೆಂದಿಲ್ಲ. ದೊಡ್ಡ ದೋಣಿಯ ವ್ಯಾಪಾರಿಯೂ ಓದುತ್ತಾನೆ. ಇಂಥ ಜಾಗವನ್ನು ಸ್ಥೂಲವಾಗಿ ತೋರಿಸಿದರೆ ಸಾಕೆಂದು ಕೇಳಿಕೊಳ್ಳಿ.

ಫಲಿತಾಂಶ ಹಿಂದಿರುಗಿ ಬರಬೇಕು. ಇದೇ ಎಲ್ಲಕ್ಕೂ ದೊಡ್ಡ ಕೊರತೆ. ಬಂದವರು ಎಷ್ಟೋ ಮಂದಿ, ಬರೆದ ಪ್ರಬಂಧಗಳೂ ಎಷ್ಟೋ. ಪ್ರಬಂಧ ಇಂಗ್ಲಿಷಿನಲ್ಲಿ ದೂರದ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಅಳಿವೆಯ ದಂಡೆಯವನಿಗೆ ತನ್ನ ನೀರಿನಲ್ಲಿ ಏನಿತ್ತೆಂದು ತಿಳಿಯುವುದಿಲ್ಲ. ನಿಮ್ಮ ಬಾವಿಯ ನೀರನ್ನು ಪರೀಕ್ಷೆಗೆ ಒಯ್ದವನು ಅದರಲ್ಲಿ ವಿಷವಿದೆಯೋ ಇಲ್ಲವೋ ಎಂದು ಹೇಳದೆ ಹೋದರೆ ಸುಮ್ಮನಿರುತ್ತೀರಾ? ಅಚ್ಚಿಗೆ ಹೋಗುವ ಮೊದಲು ಒಮ್ಮೆ ಊರಿಗೆ ಬಂದು ಕನ್ನಡದಲ್ಲಿ ಹೇಳಬೇಕು. ಕೊಂಕಣಿಯ ಮನೆಗಳಲ್ಲಿ ಕೊಂಕಣಿಯಲ್ಲಿ ಹೇಳಿದರೆ ಇನ್ನೂ ಒಳ್ಳೆಯದು. ತಪ್ಪು ತಿಳಿದದ್ದನ್ನು ಊರವರು ತಿದ್ದಲು ಆಗ ಅವಕಾಶ. ಸಣ್ಣ ಪ್ರಮಾಣದ ಮೀನುಗಾರಿಕೆಯ ಬಗ್ಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 2014ರಲ್ಲಿ ಒಪ್ಪಿದ ಮಾರ್ಗಸೂಚಿಯೂ ಮೀನುಗಾರರ ತಿಳಿವಳಿಕೆಯನ್ನು ಮನ್ನಿಸಬೇಕು, ಮಾಹಿತಿ ಅವರಿಗೆ ದೊರೆಯಬೇಕು ಎನ್ನುತ್ತದೆ. ಇದು ನಾವು ಕೇಳುವ ಉಪಕಾರವಲ್ಲ.

ನಮ್ಮ ಪಾಲಿನ ಕೆಲಸ

ಇಷ್ಟೆಲ್ಲ ಕೇಳುವವರು ತಾವೂ ನೆಟ್ಟಗಿರಬೇಕು. ಸಬ್ಸಿಡಿ ಬರಬಹುದೆಂದು ನಷ್ಟವನ್ನು ಇಮ್ಮಡಿ ಹೇಳುವುದು, ತೆರಿಗೆ ಬಂದೀತೆಂದು ಹಿಡಿತವನ್ನು ಅರ್ಧ ಮಾಡಿ ಹೇಳುವುದು, ಬಂದವರ ಮುಖ ನೋಡಿ ಅವರಿಗೆ ಹಿತವಾದದ್ದನ್ನು ಹೇಳುವುದು ನಮ್ಮಲ್ಲಿ ಉಂಟು. ಹಾಗೆ ಹುಟ್ಟಿದ ಲೆಕ್ಕ ನಮ್ಮ ತಲೆಗೇ ಬರುತ್ತದೆ. ಇವತ್ತು ನಾವೇ ಹೇಳಿದ ಸಣ್ಣ ಅಂಕಿಯನ್ನು ನಾಳೆ ಪರಿಹಾರದ ದಿನ ಅಧಿಕಾರಿ ನಮ್ಮ ಮುಂದೆ ಓದುತ್ತಾನೆ. ಅಲ್ಲದೆ ಫಲಿತಾಂಶ ನಮಗೆ ಬೇಕಾದಂತೆಯೇ ಬರಬೇಕೆಂದು ಹಟ ಹಿಡಿಯಕೂಡದು. ಸಣ್ಣ ಬಳಚು ತೆಗೆಯುವುದರಿಂದಲೇ ಬಳಚು ಕಡಿಮೆಯಾಗಿದೆ ಎಂದು ಅಳತೆ ತೋರಿಸಿದರೆ, ಕಹಿಯಾದರೂ ಕೇಳಬೇಕು, ಕೂತು ಮಾತಾಡಬೇಕು.

ಊರಿನದೇ ಆದ ಒಂದು ದಿನವಹಿ ಇಡುವುದು ಕಷ್ಟದ ಕೆಲಸವಲ್ಲ. ಹುಣ್ಣಿಮೆ ಅಮಾವಾಸ್ಯೆಗಳ ಉಬ್ಬರ ಒಡ್ಡಿನ ಎಲ್ಲಿಯವರೆಗೆ ಬಂತು, ಯಾವ ವಾರ ಬಳಚು ಎಷ್ಟು ಬುಟ್ಟಿ, ಬೆಲೆ ಎಷ್ಟು, ಗದ್ದೆಗೆ ಉಪ್ಪು ಯಾವಾಗ ನುಗ್ಗಿತು, ಕಗ್ಗ ಯಾವ ದಿನ ಬಿತ್ತಿದರು, ಎಷ್ಟು ಮೂಡೆ ಆಯಿತು. ಶಾಲೆಯ ಏಳನೆಯ ತರಗತಿಯ ಮಗುವಿನ ಕೈಯಿಂದ ಬರೆಸಬಹುದು. ಮಹಿಳಾ ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಬರೆಯುವಾಗಲೇ ಇದನ್ನೂ ಬರೆಯಬಹುದು. ಹತ್ತು ವರ್ಷದ ಅಂಥ ಪುಸ್ತಕವಿರುವ ಊರಿಗೆ ಬಂದ ಸಂಶೋಧಕನು ಮೊದಲು ಪುಸ್ತಕಕ್ಕೆ ಕೈಮುಗಿಯುತ್ತಾನೆ. ಒಂದು ಪ್ರತಿ ಪಂಚಾಯತಿಯಲ್ಲಿ, ಇನ್ನೊಂದು ಶಾಲೆಯಲ್ಲಿ ಇರಲಿ. ಮಳೆಗಾಲದಲ್ಲಿ ಒಂದೇ ಕಡೆ ಇಟ್ಟ ಕಾಗದದ ಗತಿ ನಿಮಗೆ ಗೊತ್ತೇ ಇದೆ.

ಕೆಳಗೆ ಒಂದು ಮಾದರಿ ಕಾಗದ ಕೊಟ್ಟಿದೆ. ಗ್ರಾಮಸಭೆಯಲ್ಲಿ ಓದಿ, ನಿಮ್ಮ ಊರಿಗೆ ತಕ್ಕಂತೆ ತಿದ್ದಿಕೊಂಡು, ಬಂದವರ ಸಹಿ ಪಡೆಯಬಹುದು. ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತಿಸಬೇಕು.

ಮಾದರಿ ಕಾಗದ

"………… ಗ್ರಾಮದ ಅಳಿವೆ, ಗಜನಿ ಮತ್ತು ಕಾಂಡ್ಲಾ ಪ್ರದೇಶದಲ್ಲಿ ………… ಎಂಬ ವಿಷಯವನ್ನು ಅಭ್ಯಾಸ ಮಾಡಲು ಬಂದ ನಾವು, ಈ ಕೆಲಸಕ್ಕೆ ಹಣ ಕೊಟ್ಟವರು ………… ಎಂದೂ, ಕೆಲಸ ………… ತಿಂಗಳಿನಿಂದ ………… ತಿಂಗಳಿನವರೆಗೆ ನಡೆಯುವುದೆಂದೂ ತಿಳಿಸಿದ್ದೇವೆ. ಗ್ರಾಮಸಭೆಯಲ್ಲಿಯೂ, ಬಳಚು ತೆಗೆಯುವವರ ಮತ್ತು ಗೇಣಿದಾರರ ಪ್ರತ್ಯೇಕ ಸಭೆಯಲ್ಲಿಯೂ ಇದನ್ನು ವಿವರಿಸಿದ್ದೇವೆ. ನಮ್ಮೊಡನೆ ಕೆಲಸ ಮಾಡಿದವರಿಗೂ, ಮಾತಿಗಾಗಿ ಇಳಿತ ಕಳೆದುಕೊಂಡವರಿಗೂ ದಿನಕ್ಕೆ ರೂ. ………… ಕೊಡುತ್ತೇವೆ. ಯಾರ ಹೆಸರನ್ನೂ, ಫೋಟೋವನ್ನೂ ಅವರ ಒಪ್ಪಿಗೆಯಿಲ್ಲದೆ ಬಳಸುವುದಿಲ್ಲ. ಹೆಸರು ಬೇಕೆಂದವರ ಹೆಸರನ್ನು ಬಿಡುವುದಿಲ್ಲ. ಬಳಚಿನ ದಿಬ್ಬದ ನಿಖರವಾದ ಗುರುತನ್ನು ಊರಿನ ಒಪ್ಪಿಗೆಯಿಲ್ಲದೆ ಪ್ರಕಟಿಸುವುದಿಲ್ಲ. ಬೀಜ, ಗಿಡ, ಜೀವಿಗಳ ಮಾದರಿ ಒಯ್ದರೆ ಅದರ ಹೆಸರು, ತೂಕ, ಒಯ್ಯುವ ಜಾಗವನ್ನು ಜೀವವೈವಿಧ್ಯ ನಿರ್ವಹಣಾ ಸಮಿತಿಯ ಪುಸ್ತಕದಲ್ಲಿ ಬರೆಯುತ್ತೇವೆ. ಬೇರೆಯವರಿಗೆ ದಾಟಿಸುವ ಮೊದಲು ಸಮಿತಿಯನ್ನು ಕೇಳುತ್ತೇವೆ. ಬರಹ ಅಚ್ಚಾಗುವ ಮೊದಲು ಗ್ರಾಮಕ್ಕೆ ಬಂದು ಕನ್ನಡದಲ್ಲಿ ಓದಿ ಹೇಳಿ, ಊರವರು ಸೂಚಿಸಿದ ತಿದ್ದುಪಡಿಯನ್ನು 'ಊರವರ ಅಭಿಪ್ರಾಯ' ಎಂದು ಸೇರಿಸುತ್ತೇವೆ. ಅಚ್ಚಾದ ಮೇಲೆ ಎರಡು ಪ್ರತಿಗಳನ್ನು, ಕನ್ನಡ ಸಾರಾಂಶದೊಡನೆ, ಪಂಚಾಯತಿಗೂ ಶಾಲೆಗೂ ಕೊಡುತ್ತೇವೆ.

ತಾರೀಖು ………… ಸಂಶೋಧಕರ ಸಹಿ ………… ಗ್ರಾಮದ ಪರವಾಗಿ ಸಹಿ ಅಥವಾ ಹೆಬ್ಬೆಟ್ಟಿನ ಗುರುತು, ನಾಲ್ವರದು, ಅವರಲ್ಲಿ ಇಬ್ಬರು ಹೆಂಗಸರು …………"